ಎಲ್ಲಿಗೆ ಅಂತ ಕೇಳಬಾರದು

ಇವತ್ತು ಶಾಲೆಗೆ ತಡವಾಗಿ ಹೋದೆ. ಕಾರಣ ಕೇಳಿದವರಿಗೆ ರೇಷನ್ ಅಂಗಡಿಯ ಸಾಲು ಎಂದು ಹೇಳಿ ಪಾರಾದೆ. ಯುದ್ಧ ಮುಗಿದರೂ ಆ ಸಾಲು ಮುಗಿಯದಿರುವುದು ನನ್ನಂಥವರಿಗೆ ಒಂದು ಅನುಕೂಲವೇ. ನಿಜ ಹೇಳಿದ್ದರೆ, ಇಷ್ಟು ಓದಿದ ಹೆಂಗಸು, ಹುಡುಗಿಯರಿಗೆ ಭೂಗೋಳ ಕಲಿಸುವವಳು, ಹೀಗೂ ಮಾಡುತ್ತಾಳೆಯೇ ಎಂದು ನಗುತ್ತಿದ್ದರು. ನಿಮ್ಮ ಮುಂದೆ ಹೇಳಲು ಅಡ್ಡಿಯಿಲ್ಲ. ನೀವು ನಮ್ಮವರು, ನಕ್ಕರೂ ಸೆರಗು ಅಡ್ಡ ಹಿಡಿದು ನಗುತ್ತೀರಿ.

ಆದದ್ದಿಷ್ಟೇ. ಚೀಲ, ಕೊಡೆ, ನಕಾಶೆಯ ಸುರುಳಿ ಎಲ್ಲ ಹಿಡಿದುಕೊಂಡು ನಮ್ಮ ವಾಡೆಯ ಮೆಟ್ಟಿಲು ಇಳಿಯುತ್ತಿದ್ದೆ. ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರ ಸೊಸೆ ನಲ್ಲಿಗೆ ಕೊಡ ಹಚ್ಚಿ ಕೂತಿದ್ದಳು. ಒಳ್ಳೆಯ ಹುಡುಗಿ, ಪಾಪ. ಮುಖ ತುಂಬ ನಕ್ಕು, "ಕುಠೇ ನಿಘಾಲಾತ, ಬಾಯೀ?" ಎಂದಳು. ಎಲ್ಲಿಗೆ ಹೊರಟಿರಿ, ಬಾಯಿ? ಮುಗಿಯಿತು! ನಾನು ಬಂದ ದಾರಿಗೆ ಸುಂಕವಿಲ್ಲದವಳ ಹಾಗೆ ತಿರುಗಿ ಮೆಟ್ಟಿಲು ಹತ್ತಿದೆ. ಬೀಗ ತೆಗೆದೆ, ಚಪ್ಪಲಿ ಕಳಚಿದೆ, ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ಗೂಡಿನಲ್ಲಿದ್ದ ಹಿತ್ತಾಳೆಯ ತಂಬಿಗೆ ತೆಗೆದು, ಅದರ ತಿರುಪಿನ ಮುಚ್ಚಳ ತಿರುವಿ ಒಂದು ಗುಟುಕು ನೀರು ಕುಡಿದೆ. ಆಮೇಲೆ ಎದ್ದು ಹೊಸದಾಗಿ ಹೊರಟೆ. ಕೊಡ ತುಂಬಿ ಚೆಲ್ಲುತ್ತಿದ್ದರೂ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಈ ಬಾರಿ ಏನೂ ಕೇಳಲಿಲ್ಲ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುವುದು ನಿಮ್ಮ ಮನೆಯಲ್ಲೂ ಇರಬಹುದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಒಳಗೆ ಬಂದು, ಕೂತು, ನೀರು ಕುಡಿದು, ಆ ಹೊರಡುವಿಕೆಯನ್ನು ಅಲ್ಲಿಗೇ ರದ್ದು ಮಾಡಿ ಮತ್ತೊಂದು ಹೊರಡುವಿಕೆ ಶುರುಮಾಡಬೇಕು. ಬೇರೆ ಮನೆಗಳಲ್ಲಿ ಇದು ಒಂದು ನಂಬಿಕೆ. ನಮ್ಮ ಅಜ್ಜಿಯ ಕೈಯಲ್ಲಿ ಇದು ಕಾಯಿದೆಯಾಗಿತ್ತು. ಹಿಂದಿನಿಂದ ಕೂಗಿ ಕೇಳಿದರೆ ಹೆಚ್ಚು ಕೆಟ್ಟದ್ದು. ಮಕ್ಕಳು ಕೇಳಿದರೂ ಬಿಡುಗಡೆಯಿಲ್ಲ. ಊರಿಗೆ ತಿರುಗಿ ಹೋಗುತ್ತಿರುವವರನ್ನು ಕೇಳಿದರೆ ಮಾತ್ರ ದೋಷವಿಲ್ಲ, ಅದು ಹೊರಟದ್ದಲ್ಲ, ಬಂದದ್ದು. ಧಾರವಾಡದಿಂದ ಪುಣೆಗೆ ಬರುವಾಗ ನಮ್ಮವರು ಬೀಸುವ ಕಲ್ಲು ಬಿಟ್ಟು ಬಂದರು, ಈ ಕಾಯಿದೆ ಬಿಡಲಿಲ್ಲ.

ಈ ತಂಬಿಗೆಯೂ ಆಗಲೇ ಬಂದದ್ದು. ಹೊಟ್ಟೆಯ ಒಂದು ಕಡೆ ತಗ್ಗು ಬಿದ್ದಿದೆ. ಕಲಾಯಿ ಹಾಕುವವನು ಪ್ರತಿ ಸಲವೂ, ಬಡಿದು ಸರಿ ಮಾಡಲೇ ಎಂದು ಕೇಳುತ್ತಾನೆ, ನಾನು ಬೇಡ ಅನ್ನುತ್ತೇನೆ. ಆ ತಗ್ಗು ಸಹ್ಯಾದ್ರಿಯ ಒಂದು ಬಂಡೆ ಕೊಟ್ಟದ್ದು. ಅದನ್ನು ಹೇಳಬೇಕಾದರೆ ನನ್ನ ಲಗ್ನದ ಮಾತಿನಿಂದ ಶುರುಮಾಡಬೇಕು.

ಆಗ ನನಗೆ ಹದಿಮೂರು ನಡೆಯುತ್ತಿತ್ತು. ಮರಾಠಿ ಶಾಲೆಯಲ್ಲಿ ಕೆಳಗಿನ ತರಗತಿಗಳೆಲ್ಲ ಮುಗಿದಿದ್ದವು. ಮುಂದೆ ಹೆಣ್ಣುಮಕ್ಕಳ ಹೈಸ್ಕೂಲು ಇತ್ತು, ಆದರೆ ಜಾಗ ಇರಲಿಲ್ಲ. ನಾನು ಮನೆಯಲ್ಲಿ ಕೂತು ಹಳೆಯ ಭೂಗೋಳದ ಪುಸ್ತಕವನ್ನೇ ತಿರುವಿಹಾಕುತ್ತಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗ ಬಂಗಾರದಂಥವನು ಎಂದರು. ಎಲ್ಲ ಹುಡುಗರೂ ಬಂಗಾರದಂಥವರೇ ಇರುತ್ತಾರೆ, ಲಗ್ನದ ಮುಂಚೆ. ಅಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮೇಲಿನವರು ಏನಂದರೂ ಹೌದು ಅಂದು ರೂಢಿಯಾದವರು. ಮನೆಯಲ್ಲಿ ಮೇಲಿನವಳು ಅಜ್ಜಿ. ಅಜ್ಜಿ ಸಂಬಂಧ ಚಲೋ ಅದ ಎಂದಳು, ಅಪ್ಪ ಹೌದು ಎಂದರು. ಆದರೆ ನಡುವೆ ಒಂದು ತೊಡಕು ಇತ್ತು.

ನಾನು ಕೈಗೂಸಾಗಿದ್ದಾಗ ಜ್ವರ ಬಂದು ಉಳಿಯುವುದಿಲ್ಲ ಅನ್ನುವ ಹಾಗೆ ಆಗಿತ್ತಂತೆ. ಆಗ ಅಜ್ಜಿ, ಕೂಸು ಬದುಕಲಿ, ನಾನು ಅದನ್ನು ಬೆಟ್ಟದ ದಾರಿಯಲ್ಲಿ ನಡೆಸಿಕೊಂಡು ಭೀಮಾಶಂಕರನ ಹತ್ತಿರ ಬರುತ್ತೇನೆ ಎಂದು ಹರಕೆ ಹೊತ್ತಿದ್ದಳು. ಲಗ್ನವಾದ ಮೇಲೆ ನಾನು ಬೇರೆ ಮನೆಯವಳು, ಈ ಮನೆಯ ಹರಕೆ ಅಲ್ಲಿಗೆ ಬರುವಂತಿಲ್ಲ.

"ಹರಕಿ ತೀರಿಸದs ಲಗ್ನದ ಮಾತ ಆಡಬಾರದು. ಶ್ರಾವಣ ಸ್ವಾಮಾರ ದರ್ಶನಾ ಮಾಡ್ಕೊಂಡ ಬರೂಣು. ಬಂದ ಮ್ಯಾಲೆ ಹುಬ್ಬಳ್ಳಿಯವರಿಗೆ ಹೂಂ ಅಂತ ಹೇಳು" ಎಂದು ಅಪ್ಪನಿಗೆ ಹೇಳಿಬಿಟ್ಟಳು.

ನೋಡಿ, ಹುಡುಗಿ ಬದುಕಲಿ ಎಂದು ಹೊತ್ತ ಹರಕೆಯೇ ಹುಡುಗಿಯನ್ನು ಸಾಗಹಾಕುವ ರಹದಾರಿಯಾಯಿತು. ಇದರ ಮೇಲೆ, ಹೊರಡುವ ಹಿಂದಿನ ದಿನ ಅಪ್ಪ ಕಚೇರಿಯಿಂದ ಒಂದು ಸುದ್ದಿ ತಂದರು. ಹೈಸ್ಕೂಲಿನಲ್ಲಿ ಒಂದು ಜಾಗ ಖಾಲಿಯಾಗಿತ್ತು. ಒಬ್ಬ ಹುಡುಗಿ ಲಗ್ನವಾಗಿ ನಾಸಿಕಕ್ಕೆ ಹೋಗಿದ್ದಳು. ದೊಡ್ಡ ಬಾಯಿಯವರು, ಅಂದರೆ ಅಲ್ಲಿನ ಮುಖ್ಯೋಪಾಧ್ಯಾಯಿನಿ, ನಿಮ್ಮ ಮಗಳು ಕಾನಡಿಯವಳು, ಅವಳ ಮರಾಠಿ ನೋಡಬೇಕು, ಗುರುವಾರ ಬೆಳಿಗ್ಗೆ ಶಾಲೆಯ ಗಂಟೆಯ ಮೊದಲು ಕರೆತನ್ನಿ, ಬಾರದಿದ್ದರೆ ಇನ್ನೊಬ್ಬಳಿಗೆ ಕೊಡುತ್ತೇನೆ ಎಂದಿದ್ದರಂತೆ. ನಾನು ಕುಣಿದಾಡಿದೆ. ಅಜ್ಜಿ ಮಾತ್ರ ಶೇಂಗಾ ಹಿಂಡಿ ಕುಟ್ಟುತ್ತಿದ್ದವಳು ಒನಕೆ ನಿಲ್ಲಿಸಲಿಲ್ಲ. "ಬುಧವಾರ ತಿರಿಗಿ ಬಂದಿದ್ರ ನೋಡೂಣಂತ" ಎಂದಳು ಅಷ್ಟೆ. ಆ 'ನೋಡೋಣ'ದಲ್ಲಿ ಎಷ್ಟು ಇಲ್ಲ ಇತ್ತು ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು.

ಹೊರಟವರು ಮೂವರು. ಅಜ್ಜಿ, ನಾನು, ಮತ್ತು ಗಂಡಸರ ಜತೆ ಇರಲಿ ಎಂದು ನಮ್ಮ ಕಾಕಾ. ಅಪ್ಪನ ತಮ್ಮ, ಆಗಿನ್ನೂ ಕಾಲೇಜು ಮುಗಿಸಿದ್ದ. ಹೊಸ ಬೂಟು, ಮೊಳಕಾಲ ತನಕ ಕಾಲುಚೀಲ, ಜೇಬಿನಲ್ಲಿ ಗಡಿಯಾರ, ತಲೆಯ ತುಂಬ ಹೊಸ ಕಾಲ. ಲೋಣಾವಳಾದ ತನಕ ರೈಲಿನಲ್ಲಿ ಹೋದೆವು. ಹರಕೆ ನಡೆದು ಬರುವುದಕ್ಕಲ್ಲವೇ ಎಂದು ಕಾಕಾ ಕೆಣಕಿದರೆ, "ಹರಕಿ ಬೆಟ್ಟದ್ದು. ರೈಲಿಂದ ನಾ ಏನೂ ಅಂದಿದ್ದಿಲ್ಲ, ಅವಾಗ ಕೂಸಿನ ಕಡೆ ಲಕ್ಷ್ಯ ಇತ್ತು" ಎಂದಳು ಅಜ್ಜಿ. ದೇವರ ಜತೆ ಅವಳ ವ್ಯವಹಾರ ಯಾವಾಗಲೂ ಹೀಗೆ ಸ್ಪಷ್ಟ.

ಬುತ್ತಿಯ ಮಾತು ಹೇಳಲೇಬೇಕು. ದೂರದ ಪ್ರಯಾಣವೆಂದರೆ ನಮ್ಮವರಿಗೆ ಕಟಕ್ ರೊಟ್ಟಿ. ತೆಳ್ಳಗೆ ಬಡಿದು, ಒಣಗಿಸಿ, ಅರಿವೆಯಲ್ಲಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮುರಿದರೆ ಪಕ್ಕದ ಮನೆಗೆ ಕೇಳಿಸಬೇಕು. ಅಜ್ಜಿ ಒಂದು ದೊಡ್ಡ ಗಂಟು ಕಟ್ಟಿದ್ದಳು. ಆದರೆ ಈ ರೊಟ್ಟಿ ಹುಟ್ಟಿದ್ದು ಬಯಲುಸೀಮೆಯ ಬಿಸಿಲಿನಲ್ಲಿ. ಶ್ರಾವಣದ ಸಹ್ಯಾದ್ರಿಯ ಪರಿಚಯ ಅದಕ್ಕೂ ಇರಲಿಲ್ಲ, ನಮಗೂ ಇರಲಿಲ್ಲ. ಲೋಣಾವಳಾ ದಾಟಿ ಒಂದು ಏರು ಹತ್ತುವುದರೊಳಗೆ ಮಂಜು ಬಂದು ನಮ್ಮನ್ನು ಸುತ್ತಿಕೊಂಡಿತು, ಮಳೆ ಹೊಡೆಯಿತು, ಬಿಸಿಲು ಬಿತ್ತು, ಮತ್ತೆ ಮಂಜು. ಮಧ್ಯಾಹ್ನ ಗಂಟು ಬಿಚ್ಚಿ ಅಜ್ಜಿ ಒಂದು ರೊಟ್ಟಿ ಮುರಿಯಲು ಹೋದರೆ ಅದು ಮುರಿಯಲಿಲ್ಲ, ಮಡಚಿಕೊಂಡಿತು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕಾಕಾ, "ಅವ್ವಾ, ಇದರಾಗ ನನ್ನ ಬೂಟಿಗೆ ಅಟ್ಟಿ ಹೊಲಿಸಬಹುದು ನೋಡ" ಎಂದ. ಅಜ್ಜಿ ಅದನ್ನೇ ಅಗಿದಳು. ಸ್ವಂತ ಕೈಯ ರೊಟ್ಟಿ ಹೀಗೆ ಕೈಕೊಟ್ಟದ್ದು ಅವಳಿಗೆ ನಿಜಕ್ಕೂ ನೋವಾಗಿತ್ತು.

ಇನ್ನು ನಮ್ಮ ಕಾಯಿದೆ. ಆ ಬೆಟ್ಟದ ಜನ ಬಹಳ ಒಳ್ಳೆಯವರು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು, ದನ ಕಾಯುವವರು, ಕಂಬಳಿಯ ಕೊಪ್ಪೆ ಹಾಕಿಕೊಂಡು ಎದುರು ಬಂದವರು, ಯಾರೇ ಇರಲಿ, ಬಿಳಿಕೂದಲಿನ ಮುದುಕಿಯೊಬ್ಬಳು ಕಚ್ಚೆ ಮೇಲೆ ಕಟ್ಟಿ ಮಳೆಯಲ್ಲಿ ಬೆಟ್ಟ ಹತ್ತುವುದನ್ನು ಕಂಡು ಸುಮ್ಮನೆ ಹೋಗುವರೇ? "ಕುಠಂ ನಿಘಾಲಾ, ಆಜೀ?" ಎಂದು ಪ್ರೀತಿಯಿಂದ ಕೇಳುವರು. ಕೇಳಿದರೆ ಅಜ್ಜಿ ನಿಂತಲ್ಲೇ ನಿಲ್ಲುವಳು. ಉತ್ತರ ಇಲ್ಲ. ಒಂದು ಕಲ್ಲು ಹುಡುಕುವಳು, ಕೂಡುವಳು, ನಮ್ಮನ್ನೂ ಕೂಡಿಸುವಳು, ತಂಬಿಗೆಯ ಮುಚ್ಚಳ ತಿರುವುವಳು. ಮೂವರೂ ಒಂದೊಂದು ಗುಟುಕು. ಮೇಲೆ ಆಕಾಶವೇ ಹರಿದು ಸುರಿಯುತ್ತಿರುವಾಗ ಕೆಳಗೆ ಕೂತು ನೀರು ಕುಡಿಯುವ ಮೂವರನ್ನು ಆ ಜನ ಏನೆಂದುಕೊಂಡರೋ! ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಇನ್ನೊಬ್ಬ ಪುಣ್ಯಾತ್ಮ, ಮತ್ತೆ ಕಲ್ಲು, ಮತ್ತೆ ನೀರು. ಇಷ್ಟು ನೀರು ಕುಡಿದ ಮೇಲೆ ಮಿಕ್ಕ ತೊಂದರೆಗಳೂ ಇದ್ದವು, ಅವನ್ನು ಬರೆಯುವುದಿಲ್ಲ.

ಕಾಕಾ ಗಡಿಯಾರ ತೆಗೆದು ತೆಗೆದು ನೋಡಿದ. "ಹಿಂಗಾದ್ರ ನಾವು ದೀಪಾವಳಿಗೆ ಮುಟ್ಟತೀವಿ. ಅವ್ವಾ, 'ಭೀಮಾಶಂಕರಕ್ಕ' ಅಂತ ಒಂದು ಹಲಗಿ ಬರದು ಕೊಳ್ಳಾಗ ಹಾಕ್ಕೊಂಡಬಿಡು. ಯಾರೂ ಕೇಳೂದಿಲ್ಲ."

"ಅವರಿಗೆ ಓದಾಕ ಬರಬೇಕಲ್ಲೋ" ಎಂದಳು ಅಜ್ಜಿ. ಅಂದು ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು. ನಾನು ಆ ಮಾತನ್ನು ಎತ್ತಿ ಮನಸ್ಸಿನಲ್ಲಿ ಇಟ್ಟುಕೊಂಡೆ.

ಆಮೇಲೆ ಕಾಕಾ ಒಂದು ಉಪಾಯ ಹೂಡಿದ. ತಾನು ಮುಂದೆ ಮುಂದೆ ಓಡಿ, ಎದುರು ಬರುವವರಿಗೆಲ್ಲ ಕೈಮುಗಿದು ಮರಾಠಿಯಲ್ಲಿ, ಹಿಂದೆ ಒಬ್ಬ ಅಜ್ಜಿ ಬರುತ್ತಾಳೆ, ದಯಮಾಡಿ ಏನೂ ಕೇಳಬೇಡಿ ಎಂದು ಹೇಳತೊಡಗಿದ. ಕೇಳಬೇಡಿ ಅಂದರೆ ಯಾರು ಸುಮ್ಮನಿರುತ್ತಾರೆ? ಕೆಲಸ ಬಿಟ್ಟು ಬದುವಿನ ಮೇಲೆ ಸಾಲಾಗಿ ಬಂದು ನಿಂತರು. "ಅಸಂ ಕುಠಂ ನಿಘಾಲಾ ಹೋ?" ಕೇಳಲೂ ಬಾರದಂಥ ಯಾವ ಜಾಗಕ್ಕೆ ಹೊರಟಿರಪ್ಪಾ ಎಂದು ಒಟ್ಟಿಗೆ ಕೇಳಿದರು. ಆ ಸಲ ಅಜ್ಜಿ ಬಹಳ ಹೊತ್ತು ಕೂತಳು, ತಂಬಿಗೆ ಬರಿದಾಯಿತು. ಕಾಕಾ ಆಮೇಲೆ ಉಪಾಯ ಹೂಡಲಿಲ್ಲ. ಅವನ ಹೊಸ ಬೂಟು ಅವನನ್ನು ಕಚ್ಚಲು ಶುರುಮಾಡಿತ್ತು.

ನನಗೆ ಇದೆಲ್ಲ ಆಗ ನಗೆಯ ವಿಷಯವಾಗಿರಲಿಲ್ಲ. ಅಜ್ಜಿ ಕಲ್ಲಿನ ಮೇಲೆ ಕೂತಾಗೆಲ್ಲ ಗುರುವಾರ ನನ್ನ ಕೈಯಿಂದ ಜಾರುತ್ತಿರುವ ಹಾಗೆ ಅನಿಸುತ್ತಿತ್ತು. ಬೇಕೆಂದೇ ತಡಮಾಡುತ್ತಿದ್ದಾಳೆ ಎಂದು ಸಿಟ್ಟೂ ಬರುತ್ತಿತ್ತು. ನೀರಿನ ಗುಟುಕಿನ ಜತೆ ಆ ಸಿಟ್ಟನ್ನೂ ನುಂಗುತ್ತಿದ್ದೆ.

ಮಾರನೆಯ ದಿನ ನಾವು ಘಟ್ಟದ ಅಂಚಿನ ದಾರಿ ಹಿಡಿದೆವು. ಎಡಗಡೆ ಏನಿದೆಯೆಂದು ಗೊತ್ತಿರಲಿಲ್ಲ, ಬರೀ ಬಿಳಿ ಮಂಜು. ಅಜ್ಜಿ ನನ್ನ ಕೈ ಬಿಟ್ಟಿರಲಿಲ್ಲ. ಒಂದು ಕಡೆ ದಣಿವಾರಿಸಿಕೊಳ್ಳಲು ನಿಂತೆವು. ಅಷ್ಟರಲ್ಲಿ ಗಾಳಿ ತಿರುಗಿತು. ಯಾರೋ ಬಾಗಿಲ ಪರದೆ ಎಳೆದ ಹಾಗೆ ಮಂಜು ಸರಿಯಿತು, ನಮ್ಮ ಕಾಲಿನ ಹತ್ತಿರವೇ ನೆಲ ಮುಗಿದು ಹೋಗಿತ್ತು! ಕೆಳಗೆ, ಎಷ್ಟೋ ಕೆಳಗೆ, ಹಸಿರು ಬಯಲು, ಊರುಗಳು, ಬಿಸಿಲಿಗೆ ಹೊಳೆಯುವ ನದಿ. ಇನ್ನೂ ಆಚೆ, ಆಕಾಶ ಮುಗಿಯುವಲ್ಲಿ, ಒಂದು ಬೆಳ್ಳಿಯ ಗೆರೆ.

ಅಜ್ಜಿ ನನ್ನ ಕೈ ಬಿಟ್ಟಳು. ಸೆರಗು ಗಾಳಿಗೆ ಹಾರಿ ತಲೆಯಿಂದ ಜಾರಿದರೂ ಎಳೆದುಕೊಳ್ಳಲಿಲ್ಲ. ಅವಳ ಕೈಯ ತಂಬಿಗೆಯೂ ಆಗಲೇ ಜಾರಿ ಬಂಡೆಗೆ ಬಡಿದು ಠಣ್ ಎಂದದ್ದು. ಕಾಕಾ ಓಡಿಹೋಗಿ ಹಿಡಿದ. ಅಜ್ಜಿಗೆ ಅದರ ಪರಿವೆಯೇ ಇರಲಿಲ್ಲ. ಹುಟ್ಟಿದಾರಭ್ಯ ಅವಳು ನೋಡಿದ್ದ ಅತಿ ದೂರದ ವಸ್ತು ಎಂದರೆ ಎದುರು ಮನೆಯ ಮಾಳಿಗೆ ಇರಬೇಕು.

"ಕೃಷ್ಣೀ, ಅದು ಏನ?" ಎಂದು ಮೆಲ್ಲಗೆ ಕೇಳಿದಳು.

"ಅದು ಕೊಂಕಣ, ಅಜ್ಜಿ."

"ಆ ಬೆಳ್ಳಗಿಂದು?"

"ಸಮುದ್ರ." ಅದು ಸಮುದ್ರವೋ ಬರೀ ಹೊಳೆಯುವ ಮೋಡವೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ಆದರೆ ಪುಸ್ತಕದ ನಕಾಶೆಯಲ್ಲಿ ಆ ಜಾಗದಲ್ಲಿ ಸಮುದ್ರ ಇತ್ತು, ನಾನು ಪುಸ್ತಕದ ಮಾತು ಹೇಳಿದೆ.

"ಖರೇನ ಸಮುದ್ರ? ನಿನಗ ಯಾರ ಹೇಳಿದ್ರು?"

"ನನ್ನ ಪುಸ್ತಕದಾಗ ಅದ. ಅರಬ್ಬೀ ಸಮುದ್ರ ಅಂತ ಹೆಸರು."

ಅಜ್ಜಿ ಬಹಳ ಹೊತ್ತು ನೋಡಿದಳು. "ಅದರ ಆಚಿಕಡೆ ಏನದ?"

ನಮ್ಮ ಭೂಗೋಳದ ಪುಸ್ತಕ ಹಿಂದೂಸ್ತಾನದ ಅಂಚಿಗೆ ಬಂದು ನಿಂತುಬಿಡುತ್ತಿತ್ತು. "ಗೊತ್ತಿಲ್ಲ ಅಜ್ಜಿ. ಅದು ಮುಂದಿನ ಇಯತ್ತೆಯ ಪುಸ್ತಕದಾಗ ಅದ. ಹೈಸ್ಕೂಲಿನೊಳಗ ಕಲಸ್ತಾರ."

ಜಾಣತನ ಮಾಡಿ ಹೇಳಿದ ಮಾತಲ್ಲ ಅದು, ಇದ್ದದ್ದನ್ನು ಹೇಳಿದೆ ಅಷ್ಟೆ. ಅಜ್ಜಿ "ಹೂಂ" ಎಂದಳು. ಮಂಜು ಮತ್ತೆ ಬಂದು ಎಲ್ಲ ಮುಚ್ಚಿಹೋಯಿತು. ಆದರೂ ಅವಳು ಅಲ್ಲಿಂದ ಕದಲಲಿಲ್ಲ. ಇನ್ನೊಮ್ಮೆ ತೆರೆಯಬಹುದೇನೋ ಎಂದು ಕಾದಳು. ಕಾಕಾ ಕರೆದು ಕರೆದು ಸಾಕಾದ ಮೇಲೆ ಹೊರಟಳು. ದಾರಿಯುದ್ದಕ್ಕೂ ಒಂದೊಂದೇ ಕೇಳುತ್ತ ಬಂದಳು. ಮಳೆ ಈ ಕಡೆಗೇ ಯಾಕೆ ಇಷ್ಟು, ನಮ್ಮ ಧಾರವಾಡದ ಆಚೆಗೆ ಯಾಕೆ ಇಲ್ಲ? ಈ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ? ನಾನು ಗೊತ್ತಿದ್ದದ್ದನ್ನು ಹೇಳಿದೆ. ನಾವು ದಾಟಿದ ಹಳ್ಳದ ನೀರು ಭೀಮೆಗೆ ಸೇರಿ, ಕೃಷ್ಣೆಗೆ ಸೇರಿ, ನಮ್ಮ ಕಡೆಯೆಲ್ಲ ಸುತ್ತಿ, ಆಚೆಯ ಇನ್ನೊಂದು ಸಮುದ್ರಕ್ಕೆ ಹೋಗುತ್ತದೆ ಎಂದಾಗ ಅವಳು ನಿಂತುಬಿಟ್ಟಳು. "ಇನ್ನೊಂದು ಸಮುದ್ರ ಬ್ಯಾರೆ ಅದ?" ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುವವಳು ಹರಿಯುವ ನೀರನ್ನು ಬಿಡಲಿಲ್ಲ. ಕಾಕಾ ನಡುವೆ ಬಾಯಿ ಹಾಕಿ ಏನೋ ಹೇಳಹೋದರೆ, "ನೀ ಸುಮ್ಮನಿರು, ಅಕಿ ಹೇಳಲಿ" ಎಂದು ಗದರಿದಳು. ಕಾಲೇಜು ಮುಗಿಸಿದ ಕಾಕಾ ಕುಂಟುತ್ತ ಹಿಂದೆ ಬಂದ.

ಭೀಮಾಶಂಕರದಲ್ಲಿ ಸೋಮವಾರ ದರ್ಶನವಾಯಿತು. ತೋಯ್ದ ಸೀರೆಯಲ್ಲಿ ನಡುಗುತ್ತ ಅಜ್ಜಿ ದೇವರ ಮುಂದೆ ನಿಂತಳು. ನನ್ನ ತಲೆಯ ಮೇಲೆ ಕೈಯಿಟ್ಟು, "ಇಕಿ ನೋಡಪಾ, ಅವಾಗಿನ ಕೂಸು" ಎಂದು ಪಕ್ಕದ ಮನೆಯವರಿಗೆ ತೋರಿಸಿದ ಹಾಗೆ ತೋರಿಸಿದಳು. ನನಗೆ ಅಳು ಬಂತು. ಎಷ್ಟು ಆಸೆಯಿಂದ ನನ್ನನ್ನು ಉಳಿಸಿಕೊಂಡಿದ್ದಳೋ ಈ ಮುದುಕಿ, ಅವಳ ಮೇಲೆ ಸಿಟ್ಟಾಗುವುದು ಹೇಗೆ?

ತಿರುಗಿ ಬರುವಾಗ ದಾರಿ ಸುಸೂತ್ರವಾಗಿತ್ತು. ಹೋಗುವಾಗ ನೋಡಿದ್ದ ಜನವೇ "ಝಾಲಂ ಕಾ ದರ್ಶನ, ಆಜೀ?" ದರ್ಶನವಾಯಿತೇ ಎಂದು ಕೇಳಿದರು. ಇದಕ್ಕೆ ಕಾಯಿದೆಯಲ್ಲಿ ದೋಷವಿಲ್ಲ. ಅಜ್ಜಿ ನಿಲ್ಲದೆ, ತನ್ನ ಮುರುಕು ಮರಾಠಿಯಲ್ಲಿ ಉತ್ತರ ಕೊಡುತ್ತ ಬಂದಳು. ಒಬ್ಬ ಹೆಂಗಸು ನಮ್ಮ ತೊಗಲು ರೊಟ್ಟಿ ನೋಡಿ ನಕ್ಕು, ಬಿಸಿ ನಾಚಣಿ ಭಾಕರಿ, ಅಂದರೆ ರಾಗಿಯ ರೊಟ್ಟಿ, ಕೊಟ್ಟಳು. ಅಜ್ಜಿ ತಿಂದು, ಹಿಟ್ಟನ್ನು ಹೇಗೆ ನಾದುತ್ತೀ ಎಂದು ಕೇಳಿ ತಿಳಿದುಕೊಂಡಳು. ಬುಧವಾರ ಮಧ್ಯಾಹ್ನಕ್ಕೆ ಲೋಣಾವಳಾ ಮುಟ್ಟುತ್ತೇವೆ, ಸಂಜೆಯ ಗಾಡಿ ಸಿಗುತ್ತದೆ ಎಂದು ಕಾಕಾ ಲೆಕ್ಕ ಹಾಕಿದ.

ಬುಧವಾರ ಬೆಳಿಗ್ಗೆ ಬಿಸಿಲಿತ್ತು, ನೀಲಿ ಆಕಾಶ. ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಮೋಡ ಕವಿದು ಎಂಥ ಮಳೆ ಹೊಡೆಯಿತೆಂದರೆ, ಹೋಗುವಾಗ ಪಾದ ತೋಯಿಸಿ ದಾಟಿದ್ದ ಹಳ್ಳ ಎದೆಮಟ್ಟ ಕೆಂಪಗೆ ಹರಿಯತೊಡಗಿತು. ದಾಟುವ ಮಾತೇ ಇರಲಿಲ್ಲ. ದಂಡೆಯ ಮೇಲೆ ಒಬ್ಬ ಧನಗರನ ಗುಡಿಸಲು ಇತ್ತು. ಕುರಿಗಳ ನಡುವೆ ನಮ್ಮನ್ನೂ ಕೂಡಿಸಿದರು. ಸಂಜೆಯ ಗಾಡಿ ಹೋಯಿತು. ನಾನು ಮೂಲೆಯಲ್ಲಿ ಮುಖ ತಿರುಗಿಸಿ ಕೂತೆ. ಅಳಬಾರದು ಎಂದುಕೊಂಡಷ್ಟೂ ಮೂಗು ಸೊರಸೊರ ಎನ್ನುತ್ತಿತ್ತು.

ಅಜ್ಜಿ ಬಂದು ಹತ್ತಿರ ಕೂತಳು. "ಸಾಳಿ ಅಂದ್ರ ಅಷ್ಟ ಬೇಕೇನs ನಿನಗ?"

"ಹೂಂ. ಹೈಸ್ಕೂಲು ಭಾಳ ಬೇಕು" ಎಂದೆ. ಅಂದವಳೇ ಭೋರೆಂದು ಅತ್ತುಬಿಟ್ಟೆ.

ಅಜ್ಜಿ ಸೆರಗಿನಿಂದ ನನ್ನ ಮೂಗು ಒರೆಸಿದಳು. ಒದ್ದೆ ಸೆರಗು, ಅದರಿಂದ ಒರೆಸಿದರೆಷ್ಟು, ಬಿಟ್ಟರೆಷ್ಟು. ಕಾಕಾನ ಕಡೆ ತಿರುಗಿ, "ಮುಂಜಾನೆ ಗಾಡಿ ಎಷ್ಟಕ್ಕದ?" ಎಂದು ಕೇಳಿದಳು. ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಒಂದು ಇದೆ, ಅದು ಸಿಕ್ಕರೆ ಶಾಲೆಯ ಗಂಟೆಗೆ ಮುಟ್ಟಬಹುದು, ಆದರೆ ಹಳ್ಳ ಇಳಿಯಬೇಕಲ್ಲ ಎಂದ ಅವನು.

"ಇಳೀತದ" ಎಂದಳು ಅಜ್ಜಿ, ಹಳ್ಳ ತನ್ನ ಸೊಸೆಯೋ ಎಂಬ ಹಾಗೆ.

ಹಳ್ಳ ಇಳಿದಿತ್ತು. ಬೆಳಗಿನ ಜಾವಕ್ಕೆ ಧನಗರ ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದ. ಹೊರಡುವ ಮೊದಲು ಅಜ್ಜಿ ಒಂದು ಕೆಲಸ ಮಾಡಿದ್ದಳು. ಅವನ ಹೆಂಡತಿಯ ಹತ್ತಿರ ಒಂದಿಷ್ಟು ಮೊಸರು ಬೇಡಿ, ಬೆಲ್ಲ ಹಾಕಿ ನನ್ನ ಅಂಗೈಗೆ ಕೊಟ್ಟು, ಹಣೆಗೆ ಕುಂಕುಮ ಹಚ್ಚಿ, "ನಡೀ" ಎಂದಿದ್ದಳು. ಅಂದರೆ ಅದು ಊರಿಗೆ ತಿರುಗಿ ಹೋಗುವ ನಡಿಗೆಯಲ್ಲ. ಶುಭಕಾರ್ಯಕ್ಕೆ ಹೊರಟ ನಡಿಗೆ. ಇದರ ಅರ್ಥ ನನಗೆ ಹೊಳೆದು ಕಾಲಿಗೆ ರೆಕ್ಕೆ ಬಂದವು.

ಮಂಜು, ಜಿಟಿಜಿಟಿ, ಒಂದಿಷ್ಟು ಎಳೆಬಿಸಿಲು, ಮತ್ತೆ ಜಿಟಿಜಿಟಿ. ಕೆಸರಿನಲ್ಲಿ ಓಡುನಡಿಗೆ. ಕಾಕಾ ಬೂಟು ಬಿಚ್ಚಿ ಹೆಗಲಿಗೆ ತೂಗುಹಾಕಿಕೊಂಡಿದ್ದ. ಲೋಣಾವಳಾದ ಮನೆಗಳ ಹೆಂಚು ಕಾಣಿಸಿತು, ಸ್ಟೇಶನ್ ಕಾಣಿಸಿತು, ಆಚೆ ಘಟ್ಟ ಏರಿ ಬರುತ್ತಿದ್ದ ಎಂಜಿನ್ನಿನ ಸಿಳ್ಳೂ ಕೇಳಿಸಿತು. ಆಗಲೇ ಎದುರಿಗೆ ಹಾಲಿನ ಗಡಿಗೆ ಹೊತ್ತ ಒಬ್ಬ ಮುದುಕ ಬಂದ. ಓಡಿಬರುತ್ತಿದ್ದ ನಮ್ಮನ್ನು ನೋಡಿ ಬಾಯಿ ತುಂಬ ನಕ್ಕ.

"ಕುಠಂ ನಿಘಾಲಾ, ಆಜೀ?"

ನನ್ನ ಕಾಲು ತಾವಾಗಿಯೇ ನಿಂತವು. ಅಷ್ಟು ದಿನದ ಅಭ್ಯಾಸ ನೋಡಿ, ಯಾರೂ ಹೇಳದೆಯೇ ನಾನು ರಸ್ತೆಯ ಮಗ್ಗುಲಿನ ಮೈಲುಗಲ್ಲಿನ ಮೇಲೆ ಕೂತುಬಿಟ್ಟೆ. ಮೊಸರು ತಿಂದು, ಕುಂಕುಮ ಹಚ್ಚಿಕೊಂಡು ಹೊರಟಾಗ ಕೇಳಿದ ಮೇಲೆ ಮುಗಿಯಿತಲ್ಲ. ಕೂತರೆ ಗಾಡಿ ಹೋಗುತ್ತದೆ, ಕೂಡದಿದ್ದರೆ ಕೆಲಸ ಕೆಡುತ್ತದೆ. ಕಾಕಾ ಹೆಗಲ ಬೂಟು ಹಿಡಿದುಕೊಂಡು ನಿಂತ. ಇಬ್ಬರೂ ಅಜ್ಜಿಯ ಮುಖ ನೋಡಿದೆವು. ಅವಳ ಕೈ ತಂಬಿಗೆಯ ಮುಚ್ಚಳದ ಮೇಲಿತ್ತು.

ಎಂಜಿನ್ನು ಇನ್ನೊಮ್ಮೆ ಕೂಗಿತು.

ಅಜ್ಜಿ ತಂಬಿಗೆಯನ್ನು ಬಗಲಿಗೆ ಸಿಕ್ಕಿಸಿದಳು. ನನ್ನ ರಟ್ಟೆ ಹಿಡಿದು, "ಏಳs, ಏಳs!" ಎಂದು ಎಳೆದು ಎಬ್ಬಿಸಿದಳು. ಆ ಮುದುಕನ ಕಡೆ ತಿರುಗಿ, ಜೀವಮಾನದಲ್ಲಿ ಮೊದಲ ಸಲ, ಆ ಪ್ರಶ್ನೆಗೆ ಉತ್ತರ ಕೊಟ್ಟಳು. ಇಡೀ ಲೋಣಾವಳಾಕ್ಕೆ ಕೇಳಿಸುವ ಹಾಗೆ:

"ಪೋರೀಲಾ ಶಾಳೇತ ಘಾಲಾಯಲಾ!"

ಹುಡುಗಿಯನ್ನು ಶಾಲೆಗೆ ಹಾಕೋದಕ್ಕೆ! ಅಂದವಳೇ ಕಚ್ಚೆ ಇನ್ನಷ್ಟು ಮೇಲೆ ಕಟ್ಟಿ ಓಡಿದಳು. ನಾವು ಅವಳ ಹಿಂದೆ ಓಡಿದೆವು.

ಗಾಡಿ ಸಿಕ್ಕಿತು. ಹಲಗೆಯ ಮೇಲೆ ಕುಸಿದು ಏದುಸಿರು ಬಿಡುತ್ತಿದ್ದಾಗ ಅಜ್ಜಿ ತಂಬಿಗೆ ತೆಗೆದು ಮುಚ್ಚಳ ತಿರುವಿದಳು. "ಹಿಡೀ, ಈಗ ಒಂದು ಗುಟುಕ ಕುಡಿ. ಕೂತೀವಲ್ಲಾ."

ಕಾಕಾಗೆ ಸುಮ್ಮನಿರಲು ಆಗಲಿಲ್ಲ. "ಅವ್ವಾ, ಕೂತೀವಿ ಖರೆ. ಆದ್ರ ಗಾಡಿ ಹೊಂಟsದಲ್ಲ?"

"ಗಾಡೀನ್ನ ಯಾರೂ ಕೇಳಿಲ್ಲ" ಎಂದಳು ಅಜ್ಜಿ.

ಮೊಳಕಾಲ ತನಕ ಕೆಸರು, ಲಂಗದಲ್ಲಿ ಕುರಿಯ ವಾಸನೆ, ಹಣೆಯ ಕುಂಕುಮ ಮೂಗಿನ ತನಕ ಇಳಿದಿತ್ತು. ದೊಡ್ಡ ಬಾಯಿಯವರ ಮುಂದೆ ಹಾಗೆಯೇ ನಿಂತೆ. ಅವರು ಶುದ್ಧಲೇಖನಕ್ಕೆ ಎಂದು ಎತ್ತಿದ್ದ ಪುಸ್ತಕ ಕೆಳಗಿಟ್ಟು, ಇದೇನು ಅವತಾರ, ಎಲ್ಲಿಂದ ಬಂದೆ ಎಂದರು. ಎಲ್ಲಿಗೆ ಎಂದಲ್ಲ, ಎಲ್ಲಿಂದ. ನಾನು ಶುರುಮಾಡಿದೆ. ಮಂಜು, ರೊಟ್ಟಿ, ಹಳ್ಳ, ಕೊಂಕಣ, ಸಮುದ್ರ, ಎಲ್ಲ ಹೇಳಿದೆ. ಮರಾಠಿ ಸಾಲದೆ ಬಂದಲ್ಲಿ ಕನ್ನಡ ತುರುಕಿದೆ. ಅಜ್ಜಿ ನಡುನಡುವೆ ತಿದ್ದಿದಳು. ಗಂಟೆ ಹೊಡೆದದ್ದು ಮೂವರಿಗೂ ಕೇಳಿಸಲಿಲ್ಲ. ಕೊನೆಗೆ ಅವರು ಕಣ್ಣೊರೆಸಿಕೊಂಡು ನಕ್ಕು, ಕಾಲು ತೊಳೆದುಕೊಂಡು ತರಗತಿಗೆ ಹೋಗು ಎಂದರು.

ಸಂಜೆ ಅಪ್ಪ ಕಚೇರಿಯಿಂದ ಬಂದರು. ಅಜ್ಜಿ ಕಾಲಿಗೆ ಬಿಸಿ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೂತಿದ್ದಳು. ಅಪ್ಪ ಕೋಟು ಬಿಚ್ಚುತ್ತ, "ಹರಕಿ ಮುಗೀತಲ್ಲಾ, ಅವ್ವಾ? ಹುಬ್ಬಳ್ಳಿಯವರಿಗೆ ಏನಂತ ಹೇಳಲಿ?" ಎಂದು ಕೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಎಲ್ಲೀ ಮುಗದದ?" ಎಂದಳು ಅಜ್ಜಿ. "ಬೆಟ್ಟದ್ದು ಮುಗದದ, ಅಷ್ಟs. ಅಲ್ಲಿ ಒಂದು ಸಮುದ್ರ ಅದ. ಅದರ ಆಚಿಕಡೆ ಏನದ ಅಂತ ಇಕಿ ಸಾಳ್ಯಾಗ ಕಲ್ತು ಬಂದು ನನಗ ಹೇಳಬೇಕು. ಅಲ್ಲೀ ತನಕ ಹರಕಿ ಮುಗಿಯೂದಿಲ್ಲ. ಹರಕಿ ಮುಗಿಯೂ ತನಕ ಲಗ್ನದ ಮಾತ ಆಡಬಾರದು."

ಅಪ್ಪ ರೂಢಿಯ ಪ್ರಕಾರ ಹೌದು ಎಂದರು.

ಆಮೇಲೆ ದಿನಾ ಸಂಜೆ ನಾನು ಶಾಲೆಯಿಂದ ಬಂದ ಕೂಡಲೇ ಅಜ್ಜಿ ಕೇಳುವಳು, ಇವತ್ತ ಎಲ್ಲೀ ತನಕ ಬಂದ್ರಿ? ಬಂದವರನ್ನು ಕೇಳಿದರೆ ದೋಷವಿಲ್ಲವಲ್ಲ. ನಾನೂ ಅವಳ ಮೊಮ್ಮಗಳೇ, ಒಮ್ಮೆಲೇ ಎಲ್ಲವನ್ನೂ ಹೇಳುವಷ್ಟು ಪೆದ್ದಿಯಲ್ಲ. ಮೊದಲನೆಯ ವರ್ಷವೆಲ್ಲ ಅವಳನ್ನು ಅರಬಸ್ತಾನದ ಮರಳಿನಲ್ಲಿ ನಡೆಸಿದೆ. ಒಂಟೆ, ಖರ್ಜೂರ, ಒಂದೊಂದಕ್ಕೂ ವಾರಗಟ್ಟಲೆ ಹಿಡಿಸಿದೆ. ಎರಡನೆಯ ವರ್ಷ ಕೆಂಪು ಸಮುದ್ರದ ದಂಡೆಯಲ್ಲಿ ಕೂಡಿಸಿದೆ, ಅದು ಕೆಂಪಗಿಲ್ಲ ಎಂದು ತಿಳಿದು ಅವಳಿಗೆ ಬೇಜಾರಾಯಿತು. ನಡುವೆ ಹುಬ್ಬಳ್ಳಿಯ ಹುಡುಗನ ಲಗ್ನ ಬೇರೆ ಕಡೆ ಆಯಿತು. ಇನ್ನೂ ಯಾರು ಯಾರೋ ಬಂದು ಕೇಳಿದರು. ಅಜ್ಜಿ ತಲೆಯಲ್ಲಾಡಿಸಿ, "ಹರಕಿ ಇನ್ನೂ ನಡದsದರೀ, ಆಚಿ ದಂಡಿ ಮುಟ್ಟಿಲ್ಲ" ಎನ್ನುವಳು. ಅವರಿಗೆ ಅರ್ಥವಾಗದಿದ್ದರೂ ಹರಕೆಯ ಮಾತೆಂದು ಕೈಮುಗಿದು ಹೋಗುವರು. ಆಚೆ ಆಫ್ರಿಕಾ ಇದೆ ಎಂದು ಅವಳಿಗೆ ಅಷ್ಟರಲ್ಲೇ ಗೊತ್ತಾಗಿತ್ತು ಎಂದು ನನ್ನ ಗುಮಾನಿ. ಕಾಕಾ ಯಾವತ್ತೋ ಬಾಯಿ ಬಿಟ್ಟಿದ್ದ. ಆದರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಅವಸರ ಮಾಡಬ್ಯಾಡ, ಸಾವಕಾಶ ಹೇಳು ಎನ್ನುತ್ತಿದ್ದಳು. ನಾನು ಮ್ಯಾಟ್ರಿಕ್ ಪಾಸಾದ ಸುದ್ದಿ ಬಂದ ಸಂಜೆಯೇ ಅವಳನ್ನು ಆಫ್ರಿಕಾದ ದಂಡೆಗೆ ಇಳಿಸಿದ್ದು. ಇಳಿದವಳೇ ಅಜ್ಜಿ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದು, ಮುಚ್ಚಳ ತಿರುವಿ ನನ್ನ ಕೈಗೆ ಕೊಟ್ಟು, "ಅದರ ಆಚಿಕಡೆ ಏನದ?" ಎಂದಳು.